ಮೂರು ಪಾಲಾದ ಜಾಲಿಹಳ್ಳದ ಯಂತ್ರ

ಜಾಲಿಹಳ್ಳದ ಮೇಲಿನ, ನಡುವಿನ ಹಾಗೂ ಕೆಳಗಿನ ಭಾಗಗಳನ್ನು ವಿಧಾನಸಭೆಯಲ್ಲಿ ಪ್ರತಿನಿಧಿಸುವ ಮೂವರು ಶಾಸಕರ ಸನ್ನಿಧಿಗೆ,

ಮಾನ್ಯರೇ,

ಮಹಾರಾಷ್ಟ್ರದ ಗಡಿಯೊಳಗಿದ್ದು ಉದಗೀರದ ಬಾಜಾರಿಗೆ ಕಾಯಿಪಲ್ಲೆ ಕಳಿಸುವ ನಮ್ಮ ಸಣ್ಣ ಊರು ಹಿರೇಜಾಲಿಯಿಂದ ತಮಗೆ ಅನಂತ ಶರಣಾರ್ಥಿಗಳು. ಯಾರ ಹೆಸರನ್ನು ಮೊದಲು ಬರೆಯಬೇಕೆಂಬುದರ ಬಗ್ಗೆ ತಮ್ಮಲ್ಲಿ ಇನ್ನೂ ಒಮ್ಮತವಾಗಿಲ್ಲವೆಂದು ಕೇಳಿ ಹೆಸರುಗಳನ್ನು ಬಿಟ್ಟಿದ್ದೇನೆ. ಪತ್ರದ ಮರಾಠಿ ಪ್ರತಿಗಳನ್ನು ಮೂವರಿಗೂ ಒಂದೇ ದಿನ, ಒಂದೇ ಬಗೆಯ ಲಕೋಟೆಯಲ್ಲಿ ಅಂಚೆಗೆ ಹಾಕಿರುವುದರಿಂದ ಪಕ್ಷಪಾತದ ಆರೋಪ ನನ್ನ ಮೇಲೆ ಬರಲಾರದು.

ಮೊದಲಿಗೆ ಅಭಿನಂದನೆ. ಮೇಲಿನ ಪಟ್ಟಣದ ಗಟಾರಿನ ಕೊಳಚೆ ಜಾಲಿಹಳ್ಳಕ್ಕೆ ಬೀಳುವ ಜಾಗದಲ್ಲಿ ನೀರು ಶುದ್ಧ ಮಾಡುವ ಘಟಕ ಕಟ್ಟಬೇಕು, ಅದರ ನೀರಿನ ಟಾಕಿ, ಮೋಟಾರು, ಟ್ರಾನ್ಸ್‌ಫಾರ್ಮರ್ ಮೂರೂ ಅಲ್ಲಿಯೇ ಇರಬೇಕು ಎಂದು ಇಲಾಖೆಯವರು ಮೊದಲು ಬರೆದಿದ್ದರಂತೆ. ಕೊಳೆ ಎಲ್ಲಿ ಬೀಳುತ್ತದೋ ಅಲ್ಲಿಯೇ ತೊಳೆಯಬೇಕೆಂಬ ಈ ಹಳೆಯ ಕಾಲದ ವಿಚಾರವನ್ನು ನಾಗಪುರದ ಚಳಿಗಾಲದ ಅಧಿವೇಶನದಲ್ಲಿ ತಾವು ತಿದ್ದಿದ ರೀತಿಯನ್ನು ಪತ್ರಿಕೆಯಲ್ಲಿ ಓದಿ ನಾವು ರೋಮಾಂಚನಗೊಂಡೆವು. ಹಳ್ಳ ತಮ್ಮಲ್ಲಿಯೂ ಹರಿಯುವಾಗ ನಿಧಿ ಮಾತ್ರ ಮೇಲೆಯೇ ಏಕೆ ನಿಲ್ಲಬೇಕೆಂದು ನಡುವಿನ ಮಾನ್ಯರು ಸಭಾತ್ಯಾಗ ಮಾಡಿದರು. ಪಾಲು ಸಿಗದಿದ್ದರೆ ಪರಿಸರ ಇಲಾಖೆಯ ಅನುದಾನದ ಬೇಡಿಕೆಗೆ ಕೈ ಎತ್ತುವುದಿಲ್ಲವೆಂದು ಕೆಳಗಿನ ಮಾನ್ಯರು ಪಟ್ಟು ಹಿಡಿದರು. ಶಿಲಾಫಲಕದಲ್ಲಿ ತಮ್ಮ ಫೋಟೊ ದೊಡ್ಡದಿರಬೇಕೆಂಬ ಒಂದೇ ಷರತ್ತಿನ ಮೇಲೆ ಮೇಲಿನ ಮಾನ್ಯರು ಉದಾರವಾಗಿ ಮೋಟಾರು, ಟ್ರಾನ್ಸ್‌ಫಾರ್ಮರ್ ಎರಡನ್ನೂ ಬಿಟ್ಟುಕೊಟ್ಟರು. ಕೊನೆಗೆ ಟಾಕಿ ಮೇಲಿನವರಿಗೆ, ಮೋಟಾರು ನಡುವಿನವರಿಗೆ, ಟ್ರಾನ್ಸ್‌ಫಾರ್ಮರ್ ಕೆಳಗಿನವರಿಗೆ ಎಂದು ತೀರ್ಮಾನವಾಗಿ, ಪರಿಸರ ನಿಧಿ ಸರ್ವಾನುಮತದಿಂದ ಮಂಜೂರಾಯಿತು.

ಅದರಂತೆ ಈಗ ಮೇಲೆ ಟಾಕಿಯಿದೆ, ಅದರೊಳಗೆ ನೀರಿಲ್ಲ. ಕೆಳಗೆ ಟ್ರಾನ್ಸ್‌ಫಾರ್ಮರ್ ಇದೆ. ಅದು ತೊಗರಿ ಹೊಲದ ಬದುವಿನಲ್ಲಿ ನಿಂತು ಯಾರಿಗೂ ತೊಂದರೆ ಕೊಡದೆ ಗುಂಯ್‌ಗುಡುತ್ತಿದೆ. ನಡುವೆ ಇರುವ ನಮ್ಮ ಊರಿಗೆ ಮೋಟಾರು ಬಂದಿದೆ. ತಾಡಪತ್ರಿ ಹೊದ್ದು ಪಂಚಾಯತಿ ಹಿಂದೆ ಕುಳಿತ ಅದಕ್ಕೆ ಖಂಡೇನವಮಿಯ ದಿನ ಮಠದ ಮರುಳಸಿದ್ಧಯ್ಯನವರು ವಿಭೂತಿ ಹಚ್ಚಿ, ಹೂವು ಏರಿಸಿ ಪೂಜೆ ಮಾಡಿದರು. ಪಂಚಾಯತಿಯ ನೆರೆಮನೆಯ ಸುಮನಬಾಯಿಯವರ ಕೋಳಿ ಅದರ ಕೆಳಗೆ ಕಾವಿಗೆ ಕೂತಿದ್ದು, ಇಡೀ ಯೋಜನೆಯಿಂದ ಇದುವರೆಗೆ ಹೊರಬಂದ ಫಲವೆಂದರೆ ಅದರ ಮರಿಗಳು. ಅವು ಆರೋಗ್ಯವಾಗಿವೆ.

ಇಷ್ಟು ಸುಖವಿರುವಾಗ ದೂರು ಬರೆಯಲು ನಾಚಿಕೆಯಾಗುತ್ತದೆ. ಆದರೆ ಹಳ್ಳದ ದಂಡೆಯ ಮೇಲೆ ಶಿವಕಾಂತಾಬಾಯಿಯ ಬಾವಿಯಿದೆ. ಊರಿನ ಅರ್ಧ ಮನೆಗಳು ಕುಡಿಯುತ್ತಿದ್ದುದು ಅದೇ ನೀರು, ಆಕೆಯ ಮೆಂತ್ಯ, ಕೊತ್ತಂಬರಿ ಬೆಳೆಯುವುದೂ ಅದರಿಂದಲೇ. ಮೇಲಿನ ಗಟಾರು ಆ ಬಾವಿಗೆ ಬಸಿದು, ನೀರು ಈಗ ಮುಟ್ಟದಂತಾಗಿದೆ. ಹೋದ ವಾರ ಉದಗೀರದಲ್ಲಿ ಕಾಯಿಪಲ್ಲೆ ಮಾರುವಾಕೆ ಮುಕ್ತಾಬಾಯಿ, ಶಿವಕಾಂತಾಬಾಯಿ ಒಯ್ದ ಪಲ್ಲೆಯ ಗಂಟನ್ನು ಮೂಸಿ ನೋಡಿ, "ಯಕ್ಕಾ, ಮೆಂತೆಪಲ್ಯಾ ತೊಳದ್ರೂ ಗಟಾರ ವಾಸನಿ ಬರ್ತದ, ವಾಪಸ್ ಒಯ್ಯಿ. ನನ್ನ ಗಿರಾಕಿ ಓಡಿಸ್ಬ್ಯಾಡ," ಎಂದು ಮರಳಿಸಿದಳು. ಮಳೆಗಾಲದೊಳಗೆ ನೀರು ಸುಧಾರಿಸದಿದ್ದರೆ ಬಾವಿಗೆ ಮಣ್ಣು ಹಾಕಿ ಮುಚ್ಚುವುದೆಂದು ಶಿವಕಾಂತಾಬಾಯಿ ನಿರ್ಧರಿಸಿದ್ದಾಳೆ. ನಾನು ಮೋಟಾರಿನ ಕಡೆ ಬೆರಳು ತೋರಿಸಿ ಸಮಾಧಾನ ಹೇಳಹೋದೆ.

"ಕಾಕಾ, ಮೋಟಾರ ಬಂತಂತ ಪೇಢಾ ಹಂಚಿದಾಂವ ನೀನೇ ಅಲ್ಲೇನು? ಕುಂತದಲ್ಲ, ಅದಕ ನನ್ನ ಬಾವಿ ನೀರ ಒಂದು ತಂಬಿಗಿ ಕುಡಸು. ಎದ್ದು ಮೇಲಿನ ಊರಿಗಿ ತಾನೇ ಓಡಿ ಹೋಗ್ತದ!" ಎಂದಳು.

ತಮ್ಮ ಹಂಚಿಕೆಯ ಪದ್ಧತಿ ನಮಗೆ ಹೊಸದೇನಲ್ಲ. ಮನೆ ಒಡೆಯುವಾಗ ನಮ್ಮಲ್ಲಿಯೂ ಎತ್ತು ಒಬ್ಬನಿಗೆ, ಕೂರಿಗೆ ಒಬ್ಬನಿಗೆ, ನೊಗ ಇನ್ನೊಬ್ಬನಿಗೆ ಬರುವುದುಂಟು. ಆದರೆ ಬಿತ್ತುವ ದಿನ ಮೂವರೂ ಒಂದೇ ಹೊಲದಲ್ಲಿ ಸೇರುತ್ತಾರೆ. ಇವತ್ತು ಅಣ್ಣನ ಪಾಳಿ, ನಾಳೆ ತಮ್ಮನ ಪಾಳಿ. ಈ ವಿಷಯವನ್ನು ಮಠದ ಕಟ್ಟೆಯ ಮೇಲೆ ತೆಗೆದಾಗ ಮರುಳಸಿದ್ಧಯ್ಯನವರು, "ನಮ್ಮಪ್ಪ ಲಿಂಗೈಕ್ಯ ಆದ ಮ್ಯಾಲ ಗಂಟಿ ನನಗ ಬಂತು, ಆರತಿ ನಡುವಿನಾಂವಗ, ಶಂಖ ಸಣ್ಣಾಂವಗ. ಮಾತಾಡ್ಲಿಕ್ಕಿ ಮಾರಿ ಇಲ್ಲದಂಗ ಜಗಳಾ ಆಡೀವಿ. ಆದ್ರೂ ಸೋಮವಾರ ಸಂಜಿಕಿ ಮೂರೂ ಗುಡಿಗೇ ಬರ್ತಾವ. ಮನ್ಯಾಗ ಕುಂತು ಗಂಟಿ ಬಾರಿಸಿದ್ರ ದೇವರಿಗಿ ಕೇಳಸ್ತದೇನು?" ಎಂದರು.

ಆದ್ದರಿಂದ ನಮ್ಮ ವಿನಂತಿಗಳು ಅತ್ಯಂತ ಸಾಧಾರಣವಾದವು. ಪ್ರತಿ ಸೋಮವಾರ ತಾವು ಮೂವರೂ ಟಾಕಿ, ಮೋಟಾರು, ಟ್ರಾನ್ಸ್‌ಫಾರ್ಮರ್‌ಗಳನ್ನು ಒಂದೊಂದು ಟ್ರ್ಯಾಕ್ಟರಿನ ಮೇಲೆ ಹೇರಿಕೊಂಡು ಗಟಾರಿನ ಬಾಯಿಗೆ ಬಂದು, ಸೂರ್ಯ ಮುಳುಗುವತನಕ ಕೂಡಿಸಿ ನಡೆಸಿ, ಆಮೇಲೆ ತಂತಮ್ಮ ಪಾಲನ್ನು ಗೌರವದಿಂದ ಒಯ್ಯಬಹುದು. ಅದು ಅನುಕೂಲವಲ್ಲದಿದ್ದರೆ, ಒಂದು ಕ್ಷೇತ್ರದ ಕೊಳೆ ಇನ್ನೊಂದು ಕ್ಷೇತ್ರದ ಗಡಿ ದಾಟಬಾರದೆಂದು ಮುಂದಿನ ಅಧಿವೇಶನದಲ್ಲಿ ಮಸೂದೆ ತಂದು, ಅದರ ಪ್ರತಿಯನ್ನು ಹಳ್ಳಕ್ಕೆ ಜಾರಿ ಮಾಡಬಹುದು. ಅದಕ್ಕೂ ಬಹುಮತ ಸಿಗದಿದ್ದರೆ, ಮೋಟಾರು ಮತ್ತು ಟ್ರಾನ್ಸ್‌ಫಾರ್ಮರ್‌ಗಳನ್ನು ಮೇಲಕ್ಕೆ ಕಳಿಸಲು ಇಬ್ಬರು ಮಾನ್ಯರು ಒಂದೊಂದು ಸಾಲಿನ ಒಪ್ಪಿಗೆ ಬರೆದುಕೊಟ್ಟರೆ ಸಾಕು. ಈ ಕೊನೆಯದು ನಡೆಯುವ ಮಾತಲ್ಲವೆಂದು ಗೊತ್ತಿದ್ದೂ, ಪೂರ್ಣತೆಗಾಗಿ ಬರೆದಿದ್ದೇನೆ. ಕೋಳಿಯನ್ನು ಬೇರೆ ಕಡೆ ಕೂರಿಸಲು ಸುಮನಬಾಯಿ ಒಪ್ಪಿದ್ದಾರೆ; ಅವರ ಕಡೆಯಿಂದ ಯಾವ ಷರತ್ತೂ ಇಲ್ಲ.

ಮೂವರ ಮೇಲೂ ಸಮಪ್ರಮಾಣದ ಭರವಸೆಯಿಟ್ಟಿರುವ
ತಮ್ಮ ವಿಶ್ವಾಸಿ,
ವಿರೂಪಾಕ್ಷ
ಹಿರೇಜಾಲಿ

ತಾ.ಕ.: ಪರಿಸರ ನಿಧಿ ತಂದುದಕ್ಕಾಗಿ ಬರುವ ರವಿವಾರ ತಮಗೆ ಮೂವರಿಗೂ ನಮ್ಮೂರಲ್ಲಿ ಸತ್ಕಾರವಿದೆ. ಚಹಾದ ಏರ್ಪಾಡನ್ನು ತಮ್ಮ ಪದ್ಧತಿಯಲ್ಲಿಯೇ ಮಾಡಿದ್ದೇವೆ: ಒಬ್ಬರ ಕಪ್ಪಿನಲ್ಲಿ ಸಕ್ಕರೆ, ಒಬ್ಬರದರಲ್ಲಿ ಚಹಾಪುಡಿ, ಒಬ್ಬರದರಲ್ಲಿ ನೀರು. ಯಾರಿಗೆ ಯಾವುದೆಂಬುದನ್ನು ವೇದಿಕೆ ಏರುವ ಮೊದಲು ತಾವೇ ಮಾತುಕತೆಯಿಂದ ತೀರ್ಮಾನಿಸಿಕೊಳ್ಳಬೇಕಾಗಿ ಕೋರಿಕೆ. ನೀರು ಶಿವಕಾಂತಾಬಾಯಿಯ ಬಾವಿಯದು.