ಹಿಂದಕ್ಕೆ ನಡೆಯುವ ಸಂತೆ

“ಈ ಪ್ರಯಾಣದಲ್ಲಿ ಒಂದೇ ಒಂದು ತಪ್ಪಾದರೂ ನನ್ನ ಹೆಸರು ಸೂವಾ ಅಲ್ಲ!”

ಹೀಗೆಂದು ಘೋಷಿಸಿ ಸೂವಾ ಊಟದ ಮೇಜಿನ ಮೇಲೆ ಕಾಗದ ಹರಡಿದಳು. ಅದೇನು ಸಾಮಾನ್ಯ ಕಾಗದವೇ? ಎಡಗಡೆ ಗಂಟೆ, ಬಲಗಡೆ ಊರು, ನಡುವೆ ಕೂಸಿಗೆ ಹಾಲೂಡಿಸುವ ಹೊತ್ತು. ಕೆಳಗೆ ಕೆಂಪು ಶಾಯಿಯಲ್ಲಿ ‘ಮಳೆ ಬಂದರೆ’, ಹಸಿರು ಶಾಯಿಯಲ್ಲಿ ‘ಕೂಸು ವಾಂತಿ ಮಾಡಿಕೊಂಡರೆ’. ದಂಡೆತ್ತಿ ಹೋಗುವ ಸೇನಾಪತಿ ಕೂಡ ಇಷ್ಟು ಮುಂದಾಲೋಚನೆ ಮಾಡಿರಲಾರ!

ಮಾಡದೆ ಏನು? ಹಾ ಜಾಂಗ್ ಪೇಟೆಯ ಒಂದು ಅತಿಥಿಗೃಹದಲ್ಲಿ ನಾಲ್ಕು ವರ್ಷದಿಂದ ಅವಳ ಕೆಲಸವೇ ಇದು. ಎಲ್ಲೆಲ್ಲಿಂದಲೋ ಬಂದವರಿಗೆ ಮೇಲಿನ ಕಲ್ಲುಗುಡ್ಡಗಳ ಸುತ್ತು ಹೊಂದಿಸಿ ಕೊಡುವುದು. ಯಾವ ಕಣಿವೆಯಲ್ಲಿ ಎಷ್ಟು ಹೊತ್ತು, ಯಾವ ಊರಲ್ಲಿ ರಾತ್ರಿ, ಯಾವ ತಿರುವಿನಲ್ಲಿ ಫೋಟೋ, ಎಲ್ಲ ಅವಳ ನಾಲಗೆ ತುದಿಯಲ್ಲಿ. ಮೇಲಾಗಿ ಆ ಗುಡ್ಡಗಳಲ್ಲೇ ಹುಟ್ಟಿದ ಮೋಂಗ್ ಬುಡಕಟ್ಟಿನ ಹುಡುಗಿ. ಮೀನಿಗೆ ಯಾರಾದರೂ ಈಜು ಕಲಿಸುತ್ತಾರೆಯೇ?

ಈ ಸಲದ ಪ್ರಯಾಣಿಕರು ಮಾತ್ರ ಬೇರೆ. ಸೂವಾ, ಗಂಡ ಮೀಪೋ, ಎಂಟು ತಿಂಗಳ ಮಗಳು ಲೀಯಾ. ನೋಡಬೇಕಾದ ಜಾಗವೂ ಒಂದೇ: ಅಮ್ಮನ ಮುಖ.

ವಿಷಯ ಇಷ್ಟು. ಮಗಳ ಚೊಚ್ಚಲ ಕೂಸಿಗೆ ಬೆನ್ನಬಟ್ಟೆ ತವರಿನಿಂದಲೇ ಬರಬೇಕು. ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವ ಆ ಬಟ್ಟೆಯನ್ನು ಅಜ್ಜಿ ತನ್ನ ಕೈಯಾರೆ ಹೊಲಿದು, ಕಸೂತಿ ತುಂಬಿ ಕೊಡಬೇಕು. ಅಮ್ಮ ಹೊಲಿದಿದ್ದಾಳೆ ಎಂದು ಸುದ್ದಿ ಬಂದು ತಿಂಗಳುಗಳಾದವು. ಆದರೆ ಅಮ್ಮನ ಊರಿಗೆ ಗಾಡಿ ಹೋಗುವ ದಾರಿಯೂ ಇಲ್ಲ, ಫೋನೂ ಸಿಗುವುದಿಲ್ಲ. ಒಮ್ಮೆ ಮಳೆ, ಒಮ್ಮೆ ಕೂಸಿಗೆ ಜ್ವರ, ಒಮ್ಮೆ ಸೂವಾಳಿಗೆ ರಜೆ ಇಲ್ಲ. ಹೀಗೆ ದಿನ ತಳ್ಳುತ್ತ ಲೀಯಾ ಅಂಗಡಿಯಿಂದ ತಂದ ಬಟ್ಟೆಯಲ್ಲೇ ಬೆಳೆಯುತ್ತಿದ್ದಳು. ಅತ್ತೆ ದಿನಕ್ಕೆರಡು ಸಲ ಅದನ್ನು ಮುಟ್ಟಿ ನೋಡುತ್ತಿದ್ದರು.

“ಮಿಷಿನ್ ಹೊಲಿಗೆ! ಪಾಪ, ನನ್ನ ಮೊಮ್ಮಗಳಿಗೆ ಮಿಷಿನ್ನೇ ಅಜ್ಜಿ.”

ಈ ಮಾತು ಸೂವಾಳಿಗೆ ಅನ್ನದ ಕಲ್ಲಿನ ಹಾಗೆ ಹಲ್ಲಿಗೆ ಸಿಗುತ್ತಿತ್ತು. ಆದ್ದರಿಂದಲೇ ಈ ಮಹಾಯೋಜನೆ. ಮೇಲಿನ ಸಂತೆಗಳಲ್ಲೆಲ್ಲ ಕುದುರೆ ಮಾಂಸದ ಸಾರು ಮಾರುವ ಮಾಯ್ ಚಿಕ್ಕಮ್ಮನ ಮೂಲಕ ಅಮ್ಮನಿಗೆ ಹೇಳಿ ಕಳಿಸಿದ್ದಾಯಿತು: “ಬರುವ ಸಾ ಫಿನ್ ಸಂತೆಗೆ ಬರ್ತೀನಿ. ನೀನೂ ಇಳಿದು ಬಾ.”

“ಸಂತೆ ಯಾವತ್ತು?” ಕೇಳಿದ ಮೀಪೋ. ಅವನದು ಪೇಟೆಯಲ್ಲಿ ಬೈಕ್ ರಿಪೇರಿ ಅಂಗಡಿ. ಮಾತು ಕಡಿಮೆ, ಆಡಿದರೆ ಚುಚ್ಚು.

“ಭಾನುವಾರ. ಹೋದ ಭಾನುವಾರ ನಮ್ಮ ಅತಿಥಿಗಳು ಹೋಗಿ ಬಂದ್ರಲ್ಲ, ಫೋಟೋ ನೋಡ್ದೆ. ಶನಿವಾರ ಹೊರಟು ಕ್ವಾನ್ ಬಾದಲ್ಲಿ ಊಟ, ಯೆನ್ ಮಿನ್‌ನಲ್ಲಿ ರಾತ್ರಿ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅಮ್ಮ. ಹತ್ತೂವರೆಗೆ ಅಳು ಮುಗಿಯುತ್ತೆ. ರಾತ್ರಿಗೆ ಮನೆ.”

“ಅಳೋಕೆ ಒಂದೂವರೆ ಗಂಟೆ ಸಾಕಾ?”

“ಹೆಚ್ಚಾದ್ರೆ ಊಟದ ಹೊತ್ತಲ್ಲಿ ಸರಿಮಾಡ್ಕೋತೀನಿ!”

ಶನಿವಾರ ಎಲ್ಲ ಗೆರೆ ಎಳೆದ ಹಾಗೆ ನಡೆಯಿತು. ಮಳೆ ಬರಲಿಲ್ಲ, ಕೂಸು ವಾಂತಿ ಮಾಡಿಕೊಳ್ಳಲಿಲ್ಲ. ತಿರುವು ತಿರುವಿನಲ್ಲೂ ಸೂವಾ ಗಂಡನ ಭುಜ ತಟ್ಟಿ ಗಡಿಯಾರ ತೋರಿಸಿದಳು. “ನೋಡಿದ್ಯಾ? ನಾಲ್ಕು ನಿಮಿಷ ಮುಂಚೆ!”

ಭಾನುವಾರ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಬೈಕು ಸಾ ಫಿನ್ ಸಂತೆ ಮೈದಾನದಲ್ಲಿ ನಿಂತಿತು. ಸೂವಾ ಎತ್ತರದ ಚಪ್ಪಲಿ ಊರಿ ಇಳಿದಳು, ಕೂಸಿನ ಟೋಪಿ ಸರಿಮಾಡಿದಳು, ತಲೆ ಎತ್ತಿದಳು.

ಮೈದಾನದಲ್ಲಿ ಒಂದು ನಾಯಿ ಇತ್ತು. ಅದೂ ಹೊರಡುವ ಯೋಚನೆಯಲ್ಲಿತ್ತು.

ಬಿದಿರು ಗಳುಗಳು, ಬಾಳೆಲೆ ಚೂರು, ಎಲೆಕೋಸಿನ ಸಿಪ್ಪೆ. ಮೂಲೆಯಲ್ಲಿ ಮಾಯ್ ಚಿಕ್ಕಮ್ಮ ಸ್ನಾನಕ್ಕೆ ಇಳಿಯಬಹುದಾದಷ್ಟು ದೊಡ್ಡ ಕಡಾಯಿಯೊಳಗೆ ತಲೆ ಹಾಕಿ ಬೂದಿಯಲ್ಲಿ ತಿಕ್ಕುತ್ತಿದ್ದಳು.

“ಚಿಕ್ಕಮ್ಮಾ! ಸಂತೆ ಎಲ್ಲಿ?”

“ಕರಗಿ ಹೋಯ್ತು ಕಣೇ, ನೆನ್ನೆ ಸಂಜೆ. ನೀನೇನು ಇವತ್ತು ಬಂದೆ?”

“ಇವತ್ತು ಭಾನುವಾರ ಅಲ್ವಾ?”

ಚಿಕ್ಕಮ್ಮ ಕಡಾಯಿಯಿಂದ ತಲೆ ಹೊರಗೆ ತೆಗೆದಳು. “ಭಾನುವಾರ ಅನ್ನೋದು ಯಾವ ಪ್ರಾಣಿನೇ? ಅದಕ್ಕೆ ಕಾಲೆಷ್ಟು?”

ಮೀಪೋ ಕೆಮ್ಮಿದ. ಆ ಕೆಮ್ಮು ನಗೆಯ ಅಣ್ಣನೋ ತಮ್ಮನೋ ಆಗಿತ್ತು.

ಸೂವಾಳ ಮುಖ ಕಿವಿಯವರೆಗೂ ಕೆಂಪಾಯಿತು. ಹಾವಿನ ದಿನ! ಸಾ ಫಿನ್ ಸಂತೆ ಹಾವಿನ ದಿನ, ಹಂದಿಯ ದಿನ ಎಂದು ಹಾಲು ಕುಡಿಯುವಾಗಲೇ ಕೇಳಿ ಬೆಳೆದವಳು ಅವಳು. ದಿನಕ್ಕೊಂದು ಪ್ರಾಣಿ, ಇಲಿಯಿಂದ ಹಂದಿಯವರೆಗೆ ಹನ್ನೆರಡು, ಹಂದಿಯ ಮರುದಿನ ಮತ್ತೆ ಇಲಿ; ಆ ಸುತ್ತಿನಲ್ಲಿ ಆರು ದಿನಕ್ಕೊಮ್ಮೆ ಸಂತೆ. ವಾರಕ್ಕೆ ಏಳು ದಿನ. ಹಾಗಾಗಿ ಸಂತೆ ವಾರ ವಾರಕ್ಕೂ ಒಂದು ದಿನ ಹಿಂದಕ್ಕೆ ನಡೆಯುತ್ತದೆ. ಹೋದ ಸಲ ಭಾನುವಾರವಾದರೆ ಈ ಸಲ ಶನಿವಾರ. ಎದೆಯೆತ್ತರದ ಮಕ್ಕಳಿಗೂ ಗೊತ್ತಿರುವ ಲೆಕ್ಕ! ನಾಲ್ಕು ವರ್ಷ ಪೇಟೆಯ ಕ್ಯಾಲೆಂಡರ್ ಹರಿದು ಹರಿದು ಅವಳ ತಲೆಯಿಂದ ಹನ್ನೆರಡು ಪ್ರಾಣಿಗಳೂ ಬೇಲಿ ಹಾರಿ ಓಡಿಹೋಗಿದ್ದವು.

“ಅಮ್ಮ ಬಂದಿದ್ಲಾ?” ಧ್ವನಿ ಸಣ್ಣಗಾಯಿತು.

“ಬರದೆ? ಮಂಜು ಬಿಡೋಕೆ ಮುಂಚೆ ಬಂದು ಆ ಕಲ್ಲಿನ ಮೇಲೆ ಕೂತ್ಲು, ತೊಡೆ ಮೇಲೆ ಗಂಟು ಇಟ್ಕೊಂಡು. ಬೈಕ್ ಸದ್ದು ಕೇಳಿದಾಗೆಲ್ಲ ಎದ್ದು ನಿಲ್ಲೋಳು. ಈಗಿನ ಕಾಲದಲ್ಲಿ ಬೈಕ್‌ಗೇನು ಬರ? ಸಂಜೆವರೆಗೆ ಎದ್ದೂ ಕೂತೂ ಎದ್ದೂ ಕೂತೂ ಅವಳ ಮಂಡಿ ನೋಡಿ ನನಗೇ ನೋವಾಯ್ತು. ಒಂದು ಬಟ್ಟಲು ಸಾರು ಕೊಟ್ರೆ, ‘ಮಗಳು ಬಂದ ಮೇಲೆ’ ಅಂದ್ಲು.”

ಸೂವಾ ಆ ಕಲ್ಲನ್ನು ನೋಡಿದಳು. ಕಾಗದದಲ್ಲಿ ಹತ್ತೂವರೆಗೆ ಮುಗಿಯಬೇಕಿದ್ದ ಅಳು ಒಂಬತ್ತೂ ಹತ್ತಕ್ಕೇ ಶುರುವಾಗುವ ಲಕ್ಷಣ ಕಂಡಿತು. ಅಷ್ಟರಲ್ಲಿ ಜೇಬಿನಲ್ಲಿ ಫೋನು. ಅತ್ತೆ!

“ಬಂತಾ ಬೆನ್ನಬಟ್ಟೆ?”

“ಬರ್ತಾ ಇದೆ ಅತ್ತೆ.”

“ಬರ್ತಾ ಇದೆ ಅಂದ್ರೆ? ಬಟ್ಟೆ ನಡ್ಕೊಂಡು ಬರ್ತಾ ಇದೆಯಾ?”

“ಅಯ್ಯೋ, ಸಿಗ್ನಲ್ ಇಲ್ಲ ಅತ್ತೆ!” ಎಂದು ಸಿಗ್ನಲ್ ತುಂಬಿ ತುಳುಕುತ್ತಿದ್ದ ಫೋನನ್ನು ಆರಿಸಿದಳು.

ಚಿಕ್ಕಮ್ಮ ಕೈ ತೊಳೆದು ಬಂದಳು. “ಅಳಬೇಡ್ವೇ. ನಿನ್ನಮ್ಮ ಈಗ ನಮ್ಮೂರಲ್ಲೇ ಇದ್ದಾಳೆ, ಅಲ್ಲಿರೋ ನಿಮ್ಮಣ್ಣನ ಹೊಲದಲ್ಲಿ ಜೋಳ ಮುರಿಯೋಕೆ ಬಂದು. ನಾನೂ ಈಗ ಅಲ್ಲಿಗೇ ಹೊರಟೆ. ಬೈಕ್ ಇಲ್ಲೇ ಬಿಟ್ಟು ನನ್ನ ಜೊತೆ ಗುಡ್ಡ ಹತ್ತು, ಮಧ್ಯಾಹ್ನದೊಳಗೆ ಅಮ್ಮನ ಮುಂದೆ ಇರ್ತೀಯ.”

ಎಂಥ ಬಂಗಾರದಂಥ ಮಾತು! ‘ಆಗಲಿ’ ಎಂದಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಸೂವಾ ತನ್ನ ಎತ್ತರದ ಚಪ್ಪಲಿ ನೋಡಿಕೊಂಡಳು, ಹತ್ತಿ ಇಳಿಯಬೇಕಾದ ಮೂರು ಗುಡ್ಡಗಳನ್ನು ನೋಡಿದಳು, ಗಂಡನ ಮುಖದ ಮೇಲೆ ಕಟ್ಟೆ ಒಡೆಯಲು ಕಾದಿದ್ದ ನಗೆಯನ್ನು ನೋಡಿದಳು. ನಾಲ್ಕು ವರ್ಷದ ವೃತ್ತಿಗೌರವ ಹೆಡೆ ಎತ್ತಿತು!

“ಬೇಡ ಚಿಕ್ಕಮ್ಮ. ನನ್ನ ಹತ್ರ ಎರಡನೇ ಯೋಜನೆ ಇದೆ.”

ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಓಡಿಸಿದಳು, ಥೇಟ್ ಅಮ್ಮನ ಹಾಗೆ. ಹಾವು ನೆನ್ನೆ. ಕುದುರೆ ಇವತ್ತು. ಆಡು, ಕೋತಿ... “ಕೋತಿ ದಿನ ಲುಂಗ್ ಫಿನ್ ಸಂತೆ! ಅಂದ್ರೆ ಮಂಗಳವಾರ. ಅಮ್ಮನಿಗೆ ಅಲ್ಲಿಗೆ ಬರೋಕೆ ಹೇಳು. ಕೋತಿ ದಿನ, ಲುಂಗ್ ಫಿನ್. ಈ ಸಲ ತಪ್ಪಿದ್ರೆ ನನ್ನ ಹೆಸರು...”

“ಹೆಸರು ಈಗಾಗಲೇ ಹೋಗಿದೆ,” ಎಂದ ಮೀಪೋ. “ಬೇರೆ ಏನಾದ್ರೂ ಪಣಕ್ಕಿಡು.”

ಒಂದು ರಾತ್ರಿಯ ಪ್ರಯಾಣ ಮೂರು ರಾತ್ರಿಯದಾಯಿತು. ಉಳಿಯಲು ಚಿಂತೆ ಇರಲಿಲ್ಲ. ಮೀಪೋ ವೂ ಕುಲದವನು, ವೂ ಕುಲದವನಿಗೆ ವೂ ಕುಲದ ಯಾವ ಮನೆಯೂ ಅಣ್ಣನ ಮನೆಯೇ. ದಾರಿಯಲ್ಲಿ ಮೊದಲು ಸಿಕ್ಕ ಅಣ್ಣ ಇವರನ್ನು ಹಿಂದೆಂದೂ ನೋಡಿರಲಿಲ್ಲ. ಆದರೂ “ಇಷ್ಟು ದಿನ ಯಾಕೆ ಬರಲಿಲ್ಲ?” ಎಂದು ಬೈದೇ ಒಳಗೆ ಕರೆದ. ಚಿಂತೆ ಇದ್ದದ್ದು ಕೂಸಿನ ಬಟ್ಟೆಯದು. ಸೂವಾ ಎಣಿಸಿ ಎಣಿಸಿ ಒಂದು ರಾತ್ರಿಗೆ ಬೇಕಾದಷ್ಟೇ ಡೈಪರ್ ತಂದಿದ್ದಳು. ಸೋಮವಾರ ಬೆಳಗಾಗುವುದರೊಳಗೆ ಅವೆಲ್ಲ ವೀರಮರಣ ಹೊಂದಿದವು. ಆ ಮನೆಯ ಅತ್ತಿಗೆ ನಕ್ಕು ತನ್ನ ಹಳೆಯ ಸೆಣಬಿನ ಲಂಗ ಹರಿದು ಕೊಟ್ಟಳು. ಲೀಯಾ ಅದರಲ್ಲಿ ಪೇಟೆಯ ಡೈಪರಿನಲ್ಲಿ ಎಂದೂ ಮಲಗದಷ್ಟು ಸುಖವಾಗಿ ಮಲಗಿದಳು.

ಇತ್ತ ಮೀಪೋ ಬೈಕ್ ರಿಪೇರಿಯವನು ಎಂಬ ಸುದ್ದಿ ಹಬ್ಬಿತು. ಸತ್ತ ಬೈಕು, ಸಾಯುತ್ತಿರುವ ಬೈಕು, ಒಂದು ಜೋಳ ಬೀಸುವ ಯಂತ್ರ, ಕೊನೆಗೆ ಒಬ್ಬ ಮುದುಕಪ್ಪನ ರೇಡಿಯೊ ಕೂಡ ಅಂಗಳಕ್ಕೆ ಬಂದವು. ಮಂಗಳವಾರ ಹೊರಡುವಾಗ ಬೈಕಿನ ಹಿಂದೆ ಎರಡು ಕುಂಬಳಕಾಯಿ, ಮುಂದೆ ಕಾಲು ಕಟ್ಟಿದ ಜೀವಂತ ಕೋಳಿ.

“ಇವೆಲ್ಲ ನಿನ್ನ ಕಾಗದದಲ್ಲಿ ಇದ್ವಾ?” ಎಂದ ಮೀಪೋ.

“ಸುಮ್ನೆ ಗಾಡಿ ಓಡ್ಸು!”

ಲುಂಗ್ ಫಿನ್ ಸಂತೆಗೆ ಅವರೇ ಮೊದಲು. ಹಂದಿ ಮಾರುವವರಿಗಿಂತ ಮುಂಚೆ, ಹಂದಿಗಳಿಗಿಂತಲೂ ಮುಂಚೆ! ಆಮೇಲೆ ಗುಡ್ಡದ ಎಲ್ಲ ಕಾಲುದಾರಿಗಳಿಂದ ಜನ ಇಳಿದರು. ನೀಲಿ ಲಂಗ, ಬೆನ್ನ ಮೇಲೆ ಬುಟ್ಟಿ, ತುಸು ಬಾಗಿದ ನಡಿಗೆ. ಸೂವಾಳ ಕಣ್ಣಿಗೆ ಪ್ರತಿಯೊಬ್ಬ ಹೆಂಗಸೂ ಅಮ್ಮನೇ. ಏಳುವಳು, ಹತ್ತಿರ ಬಂದ ಮೇಲೆ ಕೂರುವಳು. ಮತ್ತೆ ಏಳುವಳು. ಹದಿನೈದನೆಯ ಸಲ ಎದ್ದಾಗ ಅವಳಿಗೆ ಸಾ ಫಿನ್‌ನ ಆ ಕಲ್ಲು ನೆನಪಾಗಿ ಮಂಡಿ ನಿಜಕ್ಕೂ ನೋಯತೊಡಗಿತು.

ಮಧ್ಯಾಹ್ನ ದಾಟಿದರೂ ಅಮ್ಮ ಇಲ್ಲ. ಕೋಪ ಬಂತು, ಆಮೇಲೆ ಭಯ ಬಂತು. ಸೂವಾ ಜನರನ್ನು ಸೀಳಿಕೊಂಡು ಹೊಗೆಯಾಡುವ ಕಡಾಯಿಯ ಬಳಿ ಓಡಿದಳು.

“ಚಿಕ್ಕಮ್ಮಾ, ಅಮ್ಮನಿಗೆ ಹೇಳ್ಲಿಲ್ವಾ ನೀನು?”

ಮಾಯ್ ಚಿಕ್ಕಮ್ಮನ ಸೌಟು ಕೈಜಾರಿ ಸಾರಿಗೆ ಬಿತ್ತು. “ಅಯ್ಯೋ ನನ್ನ ಕೂಸೇ! ನೀನು ಇವತ್ತೇ ಬಂದುಬಿಟ್ಯಾ?”

“ಕೋತಿ ದಿನ ಅಂತ ನಾನೇ ಹೇಳಿದ್ನಲ್ಲ!”

“ನಾನೂ ಹಾಗೇ ಹೇಳ್ದೆ ಕಣೇ, ಮೂರು ಸಲ ಹೇಳ್ದೆ. ನಿನ್ನಮ್ಮ ಏನಂದ್ಲು ಗೊತ್ತಾ? ‘ನನ್ನ ಮಗಳನ್ನ ಹೆತ್ತವಳು ನಾನು. ಅವಳು ಕೋತಿ ದಿನ ಅಂದ್ರೆ ಮಾರನೇ ದಿನ, ಹುಂಜದ ದಿನ ಬರ್ತಾಳೆ. ನಾನು ಮುಂಚೆ ಹೋಗಿ ಕಾಯ್ತಾ ಕೂತ್ರೆ, ತಡ ಮಾಡಿದೆ ಅಂತ ಪಾಪ ಅವಳಿಗೆ ನಾಚಿಕೆ ಆಗುತ್ತೆ. ಹುಂಜದ ದಿನವೇ ಹೋಗ್ತೀನಿ’ ಅಂತ ಜೋಳದ ಹೊಲಕ್ಕೆ ಹೋದ್ಲು.”

ಮೀಪೋ ಕುಂಬಳಕಾಯಿಯ ಮೇಲೆ ಕುಸಿದು ಕೂತು ಕಣ್ಣೊರೆಸಿಕೊಂಡ. ಈ ಸಲ ಅದು ಕೆಮ್ಮಲ್ಲ. ಪಕ್ಕದಲ್ಲಿ ಸಾರು ಕುಡಿಯುತ್ತಿದ್ದ ಎಂಟು ಜನರಿಗೆ ಚಿಕ್ಕಮ್ಮ ಕತೆ ಹೇಳಿದಳು. ಅವರು ಹದಿನಾರು ಜನರಿಗೆ ಹೇಳಿದರು. ಸಂತೆ ಕರಗುವ ಹೊತ್ತಿಗೆ ಹಂದಿ ಮಾರುವವರೂ ಸೂವಾಳನ್ನು ಕಂಡು, “ನಾಳೆ ಬರ್ತಾರಮ್ಮಾ!” ಎಂದು ಸಮಾಧಾನ ಹೇಳಿ ಹೋದರು.

ಅತಿಥಿಗೃಹದಿಂದ ಎರಡು ಸಲ ಫೋನು ಬಂತು. ಸುತ್ತಾಟಕ್ಕೆ ಹೊರಡಲು ಆರು ಜನ ಕಾಯುತ್ತಿದ್ದಾರಂತೆ, ಸಂತೆ ಯಾವತ್ತು ಎಂದು ಸೂವಾಳನ್ನೇ ಕೇಳಿ ಹೇಳಬೇಕಂತೆ! ಸೂವಾ ಕಾಗದವನ್ನು ನಾಲ್ಕಾಗಿ ಮಡಚಿ ಚಿಕ್ಕಮ್ಮನ ಒಲೆಗೆ ಕೊಟ್ಟಳು. ಚೆನ್ನಾಗಿ ಉರಿಯಿತು.

ಬುಧವಾರ. ಹುಂಜದ ದಿನ. ಖಾಲಿ ಮೈದಾನ, ಮಂಜು, ಎಲೆಕೋಸಿನ ಸಿಪ್ಪೆ. ಮೂವರೂ ಒಂದು ಒಡೆದ ಹಲಗೆಯ ಮೇಲೆ ಕೂತಿದ್ದರು. ಮಂಜಿನೊಳಗಿಂದ ಮೊದಲು ಬುಟ್ಟಿ ಕಂಡಿತು, ಆಮೇಲೆ ಅದರ ಕೆಳಗೆ ಅಮ್ಮ. ಕಳೆದ ಸಲಕ್ಕಿಂತ ಒಂದು ಗೇಣು ಗಿಡ್ಡವಾಗಿದ್ದಳೇನೋ ಅನ್ನಿಸಿತು. ಖಾಲಿ ಸಂತೆಯ ನಡುವೆ ಮಗಳನ್ನು ಕಂಡು ಅವಳ ಮುಖ ಅರಳಿತು ನೋಡಿ, ಏನೂ ಮಾರಲು ತರದವಳು ಇಡೀ ಸಂತೆಯನ್ನೇ ಕೊಂಡುಕೊಂಡ ಹಾಗೆ!

“ಯಾವಾಗ ಬಂದ್ರಿ?”

“ನೆನ್ನೆ...” ಎಂದು ಮೀಪೋ ಬಾಯಿ ತೆರೆದ. ಎತ್ತರದ ಚಪ್ಪಲಿಯೊಂದು ಅವನ ಪಾದದ ಮೇಲೆ ಇಳಿಯಿತು.

“ಈಗ ತಾನೇ ಬಂದ್ವಮ್ಮ,” ಎಂದಳು ಸೂವಾ. “ಒಂದು ದಿನ ತಡ ಆಗೋಯ್ತು.”

“ನಾನು ಹೇಳ್ಲಿಲ್ವಾ!” ಅಮ್ಮ ಇಡೀ ಖಾಲಿ ಮೈದಾನಕ್ಕೆ ಕೇಳುವಂತೆ ಕೂಗಿದಳು. “ಆ ಮಾಯ್ ವಾದ ಮಾಡ್ತಾಳೆ ನನ್ನ ಹತ್ರ! ನನ್ನ ಮಗಳ ಲೆಕ್ಕ ನನಗೆ ಗೊತ್ತಿಲ್ವಾ?”

ಗಂಟು ಬಿಚ್ಚಿದಳು. ಜೇನುಮೇಣದ ಗೆರೆ, ಕಡುನೀಲಿ ಬಣ್ಣ, ಅದರ ಮೇಲೆ ಬಸವನಹುಳದ ಸುರುಳಿ ಕಸೂತಿ, ಕೆಂಪು, ಹಳದಿ, ಎಣಿಸಲಾರದಷ್ಟು ಹೊಲಿಗೆ. ಲೀಯಾಳನ್ನು ಸೂವಾಳ ಬೆನ್ನಿಗಿಟ್ಟು, ಎದೆಯ ಮೇಲೆ ಪಟ್ಟಿ ಅಡ್ಡ ಹಾಯಿಸಿ, ಸೊಂಟದಲ್ಲಿ ಬಿಗಿದು ಗಂಟು ಹಾಕಿದಳು. ಅಳತೆ ತಪ್ಪಿರಲಿಲ್ಲ. ಎಂಟು ತಿಂಗಳ ಕೂಸಿಗೆಂದೇ ಹೊಲಿದ ಹಾಗಿತ್ತು.

“ಹುಟ್ಟಿದ ಕೂಸಿಗೆ ಹೊಲಿದದ್ದಲ್ವಾ ಅಮ್ಮ? ಇಷ್ಟು ಸರಿಯಾಗಿ ಹೇಗೆ?”

“ಶುರುವಲ್ಲೇ ನಾಲ್ಕು ಬೆರಳು ದೊಡ್ಡದಾಗಿ ಕತ್ತರಿಸಿದ್ದೆ,” ಎಂದಳು ಅಮ್ಮ, ಪಟ್ಟಿಯ ಅಂಚಿನಲ್ಲಿ ಉಳಿದ ದಾರವನ್ನು ಹಲ್ಲಿನಿಂದ ಕಡಿಯುತ್ತ. “ಕೂಸನ್ನ ತರೋದು ನೀನಲ್ವಾ.”

ಅಳುವುದಕ್ಕೆ ಒಂದೂವರೆ ಗಂಟೆ ಸಾಲಲಿಲ್ಲ. ಕಾಗದ ಉರಿದು ಹೋಗಿದ್ದರಿಂದ ಯಾರೂ ಗಡಿಯಾರ ನೋಡಲಿಲ್ಲ. ಕೋಳಿಯನ್ನು ಅಮ್ಮನ ಬುಟ್ಟಿಗೆ ಹಾಕಿದ್ದಾಯಿತು, ಅದರ ಆಚೆಗೊಂದು ಈಚೆಗೊಂದು ಕುಂಬಳಕಾಯಿ. ಮಂಜು ಬಿಟ್ಟು ಬಿಸಿಲು ಬಂದಾಗ ಅಮ್ಮ ಮೊಮ್ಮಗಳ ಎರಡೂ ಕೆನ್ನೆ ಮೂಸಿ ಎದ್ದಳು.

“ಹೊಸವರ್ಷಕ್ಕೆ ಮುಂಚಿನ ಹಂದಿ ದಿನ ಸಾ ಫಿನ್ ಸಂತೆಗೆ ಬಾ. ಹಂದಿ ದಿನ. ಮರೀಬೇಡ.”

“ಇಲ್ಲಮ್ಮ. ಹಂದಿ ದಿನ, ಖಂಡಿತ.”

“ಜಾಣೆ,” ಎಂದು ಅಮ್ಮ ಅವಳ ಗಲ್ಲ ಹಿಡಿದಳು. ಆಮೇಲೆ ಅಳಿಯನ ಕಡೆ ತಿರುಗಿ, ದನಿ ತಗ್ಗಿಸಿ, ಆದರೆ ಸೂವಾಳಿಗೆ ಚೆನ್ನಾಗಿ ಕೇಳುವ ಹಾಗೆ ಹೇಳಿದಳು:

“ನಾನು ಇಲಿ ದಿನ ಬಂದಿರ್ತೀನಪ್ಪ.”