ಮುಟ್ಟಿದ ಮೇಲೆ ಒಂದು ರಿಂಗ್

ಯುದ್ಧವಿಮಾನ ಹಾರಿಸಿದ ನಮ್ಮ ಸಾಹೇಬರಿಗೆ ಈ ಜಗತ್ತಿನಲ್ಲಿ ಹೆದರಿಕೆ ಎಂಬುದಿದ್ದರೆ ಅದು ನಾನು ವಾಸ್ಕೋ ಪೇಟೆಗೆ ಕೊತ್ತಂಬರಿ ತರಲು ಹೋಗುವುದರದು! ನಂಬುತ್ತೀರಾ?

ವಿಜಾಪುರದ ಕಡೆಯವರು. ವಾಯುಪಡೆಯಲ್ಲಿ ದೊಡ್ಡ ಕಮಾಂಡರ್ ಆಗಿ ನಿವೃತ್ತರಾದ ಮೇಲೆ ಇಲ್ಲೇ ಗೋವಾದಲ್ಲಿ, ಗುಡ್ಡದ ಮೇಲಿನ ಮನೆಯಲ್ಲಿ ಒಬ್ಬರೇ ಇದ್ದರು. ಕೆಳಗೆ ಬಾಯ್ನಾದ ನಮ್ಮ ಮನೆಯಿಂದ ದಿನಾ ಹೋಗಿ ರೊಟ್ಟಿ ಬಡಿದು ಕೊಡುವುದು ನನ್ನ ಕೆಲಸ. ಅವರ ಮನೆಯಿಂದ ಹೊರಟವರು ಯಾರೇ ಆಗಲಿ, ತಮ್ಮ ಮನೆ ಮುಟ್ಟಿದ ಮೇಲೆ ಸಾಹೇಬರಿಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಅವರು ಎತ್ತುವುದಿಲ್ಲ, ಎತ್ತಿದರೆ ಬಡವರ ರೊಕ್ಕ ಹೋಗುತ್ತದಲ್ಲ! ರಿಂಗ್ ಬರುವ ತನಕ ಊಟಕ್ಕೂ ಕೂರುವುದಿಲ್ಲ.

ಮೀನು ಮಾರುವವಳು ಜಾಣೆ. ಒಮ್ಮೆ ಗೇಟು ದಾಟುತ್ತಲೇ ರಿಂಗ್ ಕೊಟ್ಟುಬಿಟ್ಟಳು. ಸಾಹೇಬರು ಬಾಲ್ಕನಿಯಲ್ಲೇ ನಿಂತಿದ್ದರು. ನೀನಿನ್ನೂ ಲ್ಯಾಂಡ್ ಆಗಿಲ್ಲ ಎಂದು ಮೇಲಿನಿಂದಲೇ ಆ ರಿಂಗನ್ನು ರದ್ದು ಮಾಡಿದರು!

ನನ್ನ ಗಂಡನೂ ತಪ್ಪಿಸಿಕೊಳ್ಳಲಿಲ್ಲ, ಕೆಲಸದಿಂದ ಮನೆ ಮುಟ್ಟಿದ ಮೇಲೆ ಅವನೂ ರಿಂಗ್ ಕೊಡಬೇಕು. ಒಂದು ಸಂಜೆ ವೆರ್ಣಾದಲ್ಲಿರುವ ಅವನ ಕಂಪನಿಯ ಬಸ್ಸು ಮಳೆಯಲ್ಲಿ ಕೆಟ್ಟು ನಿಂತಿತು. ನಾನು ಗಾಬರಿಯಿಂದ ಸ್ಟಾಪಿಗೆ ಓಡಿದರೆ, ನನಗಿಂತ ಮೊದಲೇ ಕೊಡೆ ಹಿಡಿದು ನಿಂತವರು ಯಾರು? ಬಸ್ಸಿಳಿದವನನ್ನು ಹಿಡಿದು, ಯಾಕೆ ತಿಳಿಸಲಿಲ್ಲ ಎಂದು ಕೇಳಿದರು.

"ಫೋನಿನ್ಯಾಗ ಚಾರ್ಜ್ ಇರಲಿಲ್ರಿ ಸಾಹೇಬ್ರ."

"ನನ್ನ ಎದ್ಯಾಗೂ ಇರಲಿಲ್ಲೋ."

ಮರುದಿನ ಚಹಾ ಕೊಡುತ್ತ, ಇಷ್ಟ್ಯಾಕೆ ಅಂಜುತ್ತೀರಿ ಎಂದು ಕೇಳಿಯೇಬಿಟ್ಟೆ.

"ಹಾರೋವಾಗ ಅಂಜಿಕಿ ಇರಲಿಲ್ಲವ್ವ. ಪ್ರಮೋಷನ್ ಬಂದಂಗ ಬಂದಂಗ ಕೆಳಗ ನಿಂತು ಕಾಯೋದ ಕೆಲಸ ಆತು. ಹುಡುಗರು ಹಾರತಿದ್ರು, ನಾ ಎಣಸತಿದ್ದೆ. ಒಂದಿನ ಒಬ್ಬ ಬರಲಿಲ್ಲ."

ಚಹಾ ಕಪ್ಪಿನಲ್ಲೇ ಆರಿತು.

ಮುಂದಿನ ಬೇಸಿಗೆಯಲ್ಲಿ ಎದೆಯ ಆಪರೇಷನ್ನಿಗೆಂದು ಮಗಳು ಬಂದು ಅವರನ್ನು ಪುಣೆಗೆ ಕರೆದೊಯ್ದಳು. ಟ್ಯಾಕ್ಸಿ ಹತ್ತುವಾಗ ನಾನೆಂದೆ, "ಆಪರೇಷನ್ ಮುಗದ ಮ್ಯಾಲ ಒಂದು ರಿಂಗ್ ಕೊಡ್ರಿ."

ಸಾಹೇಬರು ಬಾಗಿಲು ಹಿಡಿದು ನನ್ನನ್ನೇ ನೋಡಿದರು. ಈ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲವೇನೋ!

ಆಪರೇಷನ್ನಿನ ದಿನ, ಹಿಟ್ಟಿನ ಕೈಯಿಂದ ಫೋನು ಜಾರೀತೆಂದು ರೊಟ್ಟಿಯನ್ನೇ ಬಡಿಯಲಿಲ್ಲ. ಗಂಡ ಸುಮ್ಮನೆ ಅನ್ನ ಉಂಡ. ಮರುದಿನವೂ ರಿಂಗಿಲ್ಲ, ರೊಟ್ಟಿಯಿಲ್ಲ. ಅದರ ಮರುದಿನ ಮಧ್ಯಾಹ್ನ ಫೋನು ಒದರಿತು. ಅವರದೇ ನಂಬರು. ಎತ್ತಬಾರದು, ನಿಯಮ ಅವರದೇ.

ಎತ್ತಿಬಿಟ್ಟೆ.

"ಯಾಕ ಎತ್ತಿದಿ? ರೊಕ್ಕ ಹೋತಲ್ಲ."

ದನಿ ನೂಲಿನಷ್ಟು ಸಣ್ಣಗಿತ್ತು. ನಡುನಡುವೆ ಉಸಿರು ಎಳೆದುಕೊಳ್ಳುತ್ತ ಬೈಯುತ್ತಲೇ ಹೋದರು. ಒಂದಕ್ಷರ ಬಿಡದೆ ಪೂರ್ತಿ ಬೈಸಿಕೊಂಡು, ಹಿಟ್ಟಿನ ಡಬ್ಬಿ ಕೆಳಗಿಳಿಸಿದೆ.