ಮುಟ್ಟದೇ ಕಲಿತ ಒಂದು ವರ್ಷ

ಆಸ್ಪತ್ರೆಯಲ್ಲಿ ತರಬೇತಿಗೆ ಸೇರಿದವರಿಗೆ ತರಬೇತಿಯೊಂದನ್ನು ಬಿಟ್ಟು ಬಾಕಿ ಎಲ್ಲವೂ ಸಿಗುತ್ತಲೇ ಇರುತ್ತದೆ. ನಾನು ಸೇರಿದ್ದು ಪುಣೆಯ ಒಂದು ಕ್ಯಾನ್ಸರ್ ಆಸ್ಪತ್ರೆಗೆ. ರೋಗಿಗೆ ವಿಕಿರಣ ಎಷ್ಟು, ಎಲ್ಲಿಗೆ ಎಂದು ಲೆಕ್ಕ ಹಾಕುವುದು ನಮ್ಮಂಥ ಭೌತವಿಜ್ಞಾನಿಗಳ ಕೆಲಸ. ಹಳೇ ಪುಸ್ತಕ ತಂದು ನಾನೇ ಓದಿಕೊಂಡು ಎಂ.ಎಸ್‌ಸಿ. ಪಾಸಾದರೆ ಸಾಲದು, ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿದು, ‘ಈಕೆ ಸ್ವತಂತ್ರವಾಗಿ ಕೆಲಸ ಮಾಡಬಲ್ಲಳು’ ಎಂದು ವಿಭಾಗದ ಮುಖ್ಯಸ್ಥರಿಂದ ಸಹಿ ಪಡೆಯಬೇಕು. ಆಮೇಲೇ ನೌಕರಿ.

ನೀರು

ಮುಖ್ಯಸ್ಥರು ಸೊಲ್ಲಾಪುರದ ಕನ್ನಡಿಗರು. ಮೊದಲ ದಿನವೇ ಉಪದೇಶ: “ಯಂತ್ರ ಭಾಳ ತುಟ್ಟೀದು. ದೂರ ನಿಂತು ಕಲೀರಿ.”

ಯಂತ್ರದ ವಿಕಿರಣ ಅಳೆಯಲು ಪಾರದರ್ಶಕ ತೊಟ್ಟಿಯಲ್ಲಿ ನೀರು ತುಂಬಿಡುತ್ತಾರೆ. ಆ ನೀರೇ ರೋಗಿಯ ದೇಹವಿದ್ದಂತೆ. ಅಳೆಯುವುದು ಅವರು, ತುಂಬುವುದು ನಾನು.

ಸಂಜೆ ಪುಣೆಯ ಬಿಬವೇವಾಡಿಯ ನಮ್ಮ ಮನೆಯಲ್ಲಿ ಅವ್ವನ ವಿಚಾರಣೆ: “ಇವತ್ತ ಏನ್ ಕಲಿತೆವ್ವಾ?”

“ನೀರ ತುಂಬಿದೆ.”

“ನಿನ್ನೆ?”

“ನೀರ ಚೆಲ್ಲಿದೆ.”

ಅವ್ವ ನಳದ ಕೆಳಗಿನ ಕೊಡ ತೋರಿಸಿದಳು. “ಹಂಗಾದ್ರ ಇಲ್ಲೂ ಒಂದೀಟು ಅಭ್ಯಾಸ ಮಾಡು.”

ಮುಖ

ತಲೆಗೆ ವಿಕಿರಣ ಕೊಡುವಾಗ ರೋಗಿ ಅಲುಗಬಾರದು. ಅದಕ್ಕೆ ತೂತುತೂತಿನ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ, ಮುಖದ ಮೇಲೆಳೆದು ಮೇಜಿಗೆ ಬಿಗಿಯುತ್ತಾರೆ. ಆರಿದರೆ ಗಟ್ಟಿ ಮುಖವಾಡ. ಒಮ್ಮೆ ಆಸ್ಪತ್ರೆ ನೋಡಲು ಬಂದ ಕಾಲೇಜು ಹುಡುಗರಿಗೆ ಇದನ್ನು ತೋರಿಸಲು ಯಾರದಾದರೂ ಮುಖ ಬೇಕಿತ್ತು. ಕೈ ನಡೆಯದ ಕಡೆ ನನ್ನ ಮುಖ ನಡೆಯಿತು.

ಬಿಗಿದಾದ ಮೇಲೆ ಮುಖ್ಯಸ್ಥರು ನನ್ನನ್ನೇ ಕೇಳಿದರು: “ಏನಾರ ಸಂಶಯ ಅದಾವೇನ್ರಿ?”

ತುಟಿ ಅಲುಗಿಸಲಾಗದ ನಾನು “ಮ್ಮ್!” ಎಂದೆ.

“ನೋಡ್ರಿ, ಎಷ್ಟ ಲಗೂ ತಿಳೀತು!” ಎಂದರು ಹುಡುಗರಿಗೆ.

ಸಹಿ

ವರ್ಷ ಮುಗಿಯಿತು. ಸಹಿ ಕೇಳಿದೆ.

“ನೀವು ಒಬ್ಬರೇ ಏನೂ ಮಾಡಿದ್ದು ನಾ ನೋಡಿಲ್ಲಲ್ರಿ.”

“ನೀವು ಮುಟ್ಟಗೊಟ್ಟಿಲ್ಲಲ್ರಿ ಸರ್.”

“ಅನುಭವ ಇಲ್ಲದವ್ರಿಗೆ ಹೆಂಗ ಮುಟ್ಟಗೊಡೂದು?”

ತರಬೇತಿಗೆ ಸೇರಿದ ಹೊಸಬರು ಅಲ್ಲೇ ನಿಂತಿದ್ದರು. ಅವರೆದುರೇ ಹೇಳಿದೆ: “ಹಂಗಾದ್ರ ಈಗ ನೋಡ್ರಿ. ಮುಖವಾಡ ನಾ ಮಾಡ್ತೀನಿ, ಮುಖ ನೀವು ಕೊಡ್ರಿ.”

ಹೊಸಬರ ಮುಂದೆ ಹೆದರಿದಂತೆ ಕಾಣಬಾರದಲ್ಲ. ಸಾಹೇಬರು ಮಲಗಿದರು.

ಹಾಳೆ ಎಳೆದು, ಬಿಗಿದು, ಗಟ್ಟಿಯಾಗುವವರೆಗೆ ಕಾದು ಕೇಳಿದೆ: “ಸರ್, ನಾ ಒಬ್ಬಾಕೀನೇ ಕೆಲಸ ಮಾಡಬಲ್ಲೆ ಅಂತ ಸಹಿ ಮಾಡ್ತೀರಲ್ಲ? ಆಕ್ಷೇಪ ಇದ್ರ ಬಾಯಿ ಬಿಟ್ಟು ಹೇಳ್ರಿ.”

“ಮ್ಮ್!”

“ನೋಡ್ರಿ, ಎಷ್ಟ ಲಗೂ ಒಪ್ಪಿದ್ರು!” ಎಂದೆ ಹೊಸಬರಿಗೆ.

ಮುಖವಾಡ ಬಿಚ್ಚಿಕೊಟ್ಟೆ; ಸಾಹೇಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಎಲ್ಲೂ ತಪ್ಪು ಸಿಗಲಿಲ್ಲ. ಕೆನ್ನೆ ತುಂಬ ಜಾಲರಿಯ ಗುರುತು ಹೊತ್ತುಕೊಂಡೇ ಸಹಿ ಹಾಕಿದರು. ಆಮೇಲೆ ಹೊಸಬರಿಗೆ ಉಪದೇಶ:

“ಯಂತ್ರ ಬೇಕಾದ್ರ ಮುಟ್ರಿ. ಈಕಿಯಿಂದ ಮಾತ್ರ ದೂರ ನಿಂತು ಕಲೀರಿ.”